ರಜೆ ಯಾರಿಗೆ, ದುಡಿತ ಯಾರಿಗೆ?

ಏಪ್ರಿಲ್ 10 ಕಳೆಯಿತೆಂದರೆ ಶಾಲೆಗಳಿಗೆ ಬೀಗ. ಮೇ ಕೊನೆಯವರೆಗೆ ಬೇಸಗೆ ರಜೆ. ಪುತ್ತೂರು ಪೇಟೆಯಲ್ಲಿ ಚಿತ್ರಕಲೆ, ಈಜು, ಯಕ್ಷಗಾನ ಎಂದು ಶಿಬಿರಗಳ ಬ್ಯಾನರು ಏಳುತ್ತವೆ. ಫೀಸು ಕಟ್ಟುವವರ ಮಕ್ಕಳು ಹೋಗಲಿ, ಕಲಿಯಲಿ. ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಬಂಧುಗಳೇ, ಅದೇ ದಿನಗಳಲ್ಲಿ ಸುಳ್ಯ, ಕಡಬದ ಕಾಲನಿಗಳ ಮಕ್ಕಳು ಎಲ್ಲಿರುತ್ತಾರೆ ಅಂತ ಕೇಳುವವರುಂಟಾ?

ಅಪ್ಪ ಅಡಿಕೆ ತೋಟಕ್ಕೆ, ಅಮ್ಮ ಗೇರು ಬೀಜ ಹೆಕ್ಕಲಿಕ್ಕೆ. ಸುಳ್ಯದ ರಬ್ಬರ್ ತೋಟಗಳಲ್ಲಿ, 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿನಿಂದ ಬಂದ ತಮಿಳು ಕೂಲಿಗಳ ಮನೆಗಳಲ್ಲಿ, ಮಕ್ಕಳು ಏಳುವ ಮುಂಚೆಯೇ ತಾಯಿ ಟ್ಯಾಪಿಂಗಿಗೆ ಹೋಗಿರುತ್ತಾಳೆ. ಮನೆಯಲ್ಲಿ ಉಳಿಯುವವಳು ಹತ್ತು ವರ್ಷದ ಹುಡುಗಿ. ಸೊಂಟದಲ್ಲಿ ತಮ್ಮ, ಒಲೆಯ ಮೇಲೆ ಗಂಜಿ. ಬೇಸಗೆಯಲ್ಲಿ ಕುಮಾರಧಾರೆ, ಪಯಸ್ವಿನಿ ಬತ್ತಿದ ಹಾಗೆ ಕಾಣುತ್ತವೆ, ಗುಂಡಿಗಳಲ್ಲಿ ಮಾತ್ರ ಆಳ ಹಾಗೆಯೇ ಇರುತ್ತದೆ. ಮಕ್ಕಳು ಹೊಳೆಗೆ ಹೋದರೋ ಎಂಬ ಹೆದರಿಕೆಯಲ್ಲೇ ತಾಯಿಗೆ ದಿನ ಕಳೆಯಬೇಕು. ಹಾಗಾಗಿ ಎಷ್ಟೋ ತಾಯಂದಿರು ಮಕ್ಕಳನ್ನು ತೋಟಕ್ಕೇ ಕರೆದುಕೊಂಡು ಹೋಗುತ್ತಾರೆ.

ತೋಟಕ್ಕೆ ಬಂದ ಮಗುವನ್ನು ಧಣಿ ಸುಮ್ಮನೆ ಕೂರಿಸುತ್ತಾನಾ? "ಏ ಹುಡುಗಾ, ಆ ಮರದ ಅಡಿಯಲ್ಲಿ ನಾಲ್ಕು ಬೀಜ ಹೆಕ್ಕು." ನಾಲ್ಕು ಬೀಜ ಸಂಜೆಗೆ ನಾಲ್ಕು ಕಿಲೋ. ಅದಕ್ಕೆ ಲೆಕ್ಕ ಇಲ್ಲ, ಕೈಗೆ ಒಂದು ಬಿಸ್ಕೂಟು ಪೊಟ್ಟಣ. ಹಸಿ ಬೀಜದ ಸೊನೆ ತಾಗಿ ಬೆರಳಿನ ಚರ್ಮ ಸುಟ್ಟು ಏಳುತ್ತದೆ. ಹಾಸ್ಟೆಲಿನಿಂದ ಬಂದ ಮಗನೂ ಇದೇ ಕೆಲಸಕ್ಕೆ. ಜೂನಿಗೆ ಕೊಡೆ, ನೋಟ್ ಪುಸ್ತಕ, ಚಪ್ಪಲಿ ಆಗಬೇಕಲ್ಲ! ಇದನ್ನು ಹೇಳಲು ತಂದೆತಾಯಿ ನಾಚಬೇಕಿಲ್ಲ. ಆದರೆ ಮಗಳು ಹೆಕ್ಕಿದ ಬೀಜದ ದುಡ್ಡು ವೈನ್ ಶಾಪಿಗೆ ಹೋಗುವ ಮನೆಗಳೂ ನಮ್ಮಲ್ಲುಂಟು. ಅದನ್ನೂ ನಾವೇ ಹೇಳಬೇಕು.

2016ರಲ್ಲಿ ಬಾಲಕಾರ್ಮಿಕ ಕಾಯಿದೆಗೆ ತಿದ್ದುಪಡಿ ತಂದರು. 14 ವರ್ಷದ ಒಳಗಿನವರನ್ನು ಕೆಲಸಕ್ಕೆ ಹಚ್ಚಬಾರದು ಅಂತ ಬರೆದರು. ಹಾಗೆ ಬರೆದು, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕುಟುಂಬದ ಕಸುಬಿಗೆ ನೆರವಾಗಬಹುದು, ಅದು ಅಪಾಯದ ಕೆಲಸ ಆಗಿರಬಾರದು ಎಂದು ಸೇರಿಸಿದರು. ತೋಟ ಇದ್ದವರ ಮಗ ರಜೆಯಲ್ಲಿ ಅಡಿಕೆ ಹೆಕ್ಕಿದರೆ ಆ ತೋಟ ನಾಳೆ ಅವನದ್ದೇ. ನಮ್ಮ ಕುಟುಂಬದ ಕಸುಬು ಯಾವುದು ಮಾರಾಯ್ರೆ? ಇನ್ನೊಬ್ಬರ ತೋಟದ ಕೂಲಿ. ಕಾಯಿದೆ ಪ್ರಕಾರ ಅದು ಕುಟುಂಬದ ಕಸುಬೇ ಅಲ್ಲ. ಆದರೂ ಅಧಿಕಾರಿ ಬಂದರೆ "ತಾಯಿಗೆ ಸಹಾಯ ಮಾಡ್ತಿದ್ದಾನೆ" ಅಂದರೆ ಮುಗಿಯಿತು.

ಇದು ಇಂದಿನ ಕತೆಯಲ್ಲ. ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ನಾಟಕ ಕಲಿಸಿದ ಶಿವರಾಮ ಕಾರಂತರೇ 1933ರಲ್ಲಿ 'ಚೋಮನ ದುಡಿ' ಬರೆದರು. ಅದರಲ್ಲಿ ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದವರು ಚನಿಯ, ಗುರುವ. ಮುಟ್ಟಿದರೆ ಮೈಲಿಗೆ ಎಂದು ಎತ್ತುವವರಿಲ್ಲದೆ ನೀರಲ್ಲಿ ಸತ್ತವ ನೀಲ. ಆಮೇಲೆ 1974ರ ಭೂಸುಧಾರಣೆ ಬಂತು. ಗೇಣಿದಾರ ಒಡೆಯನಾದ, ಗೇಣಿಚೀಟಿಯೇ ಇಲ್ಲದ ಮೂಲದಾಳು ಕೂಲಿಯಾಗಿಯೇ ಉಳಿದ. ಬ್ರಿಟಿಷರ ಕಾಲದಲ್ಲಿ ನಮಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಜಮೀನು ಕೊಡಿ ಅಂತ ಇಂದಿಗೂ ಕಚೇರಿಗಳ ಎದುರು ಕೂಗುತ್ತಿದ್ದೇವೆ. ಆ ಜಮೀನು ಸಿಕ್ಕಿದ್ದರೆ ನಮ್ಮ ಮಕ್ಕಳೂ ರಜೆಯಲ್ಲಿ ಅಪ್ಪನ ತೋಟದಲ್ಲೇ ಇರುತ್ತಿದ್ದರು.

ಜಮೀನು ಸಿಗುವವರೆಗೆ ಅನ್ನವಾದರೂ ಬೇಕು. ಶಾಲೆ ಮುಚ್ಚಿದರೆ ಅಕ್ಷರ ದಾಸೋಹದ ಮಧ್ಯಾಹ್ನದ ಊಟವೂ ನಿಲ್ಲುತ್ತದೆ. ಬರಪೀಡಿತ ಕಡೆ ಬೇಸಗೆ ರಜೆಯಲ್ಲೂ ಊಟ ಕೊಡಿ ಅಂತ ಸುಪ್ರೀಂ ಕೋರ್ಟು 2004ರ ಏಪ್ರಿಲಿನಲ್ಲೇ ಹೇಳಿದೆ. 2024ರಲ್ಲಿ ನಮ್ಮ ರಾಜ್ಯದ 223 ಬರಪೀಡಿತ ತಾಲೂಕುಗಳಲ್ಲಿ ರಜೆಯ ಊಟಕ್ಕೆ ಆದೇಶವೂ ಆಯಿತು. ಅಂದ ಮೇಲೆ ಆಗುವುದಿಲ್ಲ ಎನ್ನುವ ಮಾತೇ ಸುಳ್ಳು. ಪಾತ್ರೆ ಉಂಟು, ಅಡುಗೆ ಕೋಣೆ ಉಂಟು, ಅಡುಗೆಯ ಅಕ್ಕಂದಿರೂ ಇದ್ದಾರೆ. ರಜೆಯಲ್ಲಿ ಅವರಿಗೂ ಗೌರವಧನ ಇಲ್ಲ. ಮಳೆ ಚೆನ್ನಾಗಿ ಬಂದ ವರ್ಷ ನಮ್ಮ ಮಕ್ಕಳಿಗೆ ಹಸಿವಾಗುವುದಿಲ್ಲವಾ? ಬರ ಬರಲಿ, ಬಿಡಲಿ, ಏಪ್ರಿಲ್-ಮೇಯಲ್ಲಿ ಒಂದು ಹೊತ್ತಿನ ಊಟ ಬೇಕು. ಊಟದ ಜತೆ ಮಕ್ಕಳು ಕೂರಲು ಶಾಲೆಯ ಒಂದು ಕೋಣೆ ತೆರೆದಿಡಲಿ. ಪಂಚಾಯತಿನ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರಿಟ್ಟಿದ್ದಾರೆ. ಅಲ್ಲಿನ ಪುಸ್ತಕಗಳು ಈ ಮಕ್ಕಳ ಕೈಗೆ ಬರಲಿ. ನಮ್ಮ ಮಕ್ಕಳಿಗೂ ಅಜ್ಜಿಮನೆ ಬೇಕು, ಹಲಸು, ಮಾವು ಬೇಕು, ಮಧ್ಯಾಹ್ನ ಸುಮ್ಮನೆ ಮಲಗುವುದೂ ಬೇಕು.

ಈ ಸಲ ರಜೆಗೆ ಮುಂಚಿನ ಗ್ರಾಮಸಭೆಗೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಕಾಲನಿಯಲ್ಲಿ ತಂದೆತಾಯಿ ಇಬ್ಬರೂ ಕೂಲಿಗೆ ಹೋಗುವ ಮನೆ ಎಷ್ಟು, 14ರ ಒಳಗಿನ ಮಕ್ಕಳೆಷ್ಟು, ಹತ್ತಿರದ ಶಾಲೆ ಯಾವುದು, ಎಲ್ಲ ಬರೆದುಕೊಂಡು ಹೋಗಿ. ಅರ್ಜಿಗೆ ತಾಯಂದಿರ ಸಹಿ ಹಾಕಿಸಿ. ಬರೆಯಲು ಬಾರದವರಿಗೆ ನಮ್ಮ ಹಾಸ್ಟೆಲಿನ ಹುಡುಗ ಹುಡುಗಿಯರು ಬರೆದು ಕೊಡುತ್ತಾರೆ.