ಸರ್ಟಿಫಿಕೇಟ್ ‘ಮಾಡಿಸುವ’ ಮುನ್ನ

ಆಂಧ್ರದ ಗಡಿಯ ಕಡೆಯಿಂದ ಬಳ್ಳಾರಿಗೆ ಬರುವ ಹಾದಿಯಲ್ಲಿ ಹಲಕುಂದಿ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಭಾರತ್ ಜೋಡೋ ಯಾತ್ರೆ ಇದೇ ಹಾದಿಯಾಗಿ ಬಳ್ಳಾರಿಯನ್ನು ಪ್ರವೇಶಿಸಿದಾಗ ವೇದಿಕೆಯಲ್ಲಿ ನಿರುದ್ಯೋಗದ ಮಾತು ಬಲವಾಗಿಯೇ ಕೇಳಿಬಂದಿತ್ತು. 2024ರ ಜನವರಿಯಲ್ಲಿ ರಾಜ್ಯ ಸರಕಾರ ಯುವನಿಧಿಗೆ ಚಾಲನೆ ನೀಡಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ನೀಡಲು ಮುಂದಾಯಿತು. ಭಾಷಣವೂ ಆಯಿತು, ಭತ್ಯೆಯೂ ಬಂತು. ಆದರೆ ಹಲಕುಂದಿಯಂತಹ ಊರುಗಳ ಹೆತ್ತವರು ನಮ್ಮಲ್ಲಿ ಕೇಳುವ ಪ್ರಶ್ನೆ ಬೇರೆಯೇ ಇದೆ: “ಹುಡುಗನಿಗೆ ಕಂಪ್ಯೂಟರ್ ಕಂಪೆನಿಯಲ್ಲಿ ಕೆಲಸ ಸಿಗಬೇಕಾದರೆ ಯಾವ ಸರ್ಟಿಫಿಕೇಟ್ ಮಾಡಿಸಬೇಕು?”

ಪಡಿತರ ಚೀಟಿ ಮಾಡಿಸಿದಂತೆ, ಆಧಾರ್ ಮಾಡಿಸಿದಂತೆ ಸರ್ಟಿಫಿಕೇಟನ್ನೂ ‘ಮಾಡಿಸುವ’ ಈ ಮನೋಭಾವವೇ ನಮ್ಮನ್ನು ಚಿಂತೆಗೀಡುಮಾಡಿದೆ. ಈ ಮನೋಭಾವವನ್ನು ನಂಬಿಕೊಂಡೇ ಪಟ್ಟಣಗಳಲ್ಲಿ ಒಂದು ವ್ಯಾಪಾರ ಬೆಳೆದಿದೆ. ಆರು ತಿಂಗಳ ಕೋರ್ಸು, ನೂರಕ್ಕೆ ನೂರು ಕೆಲಸದ ಭರವಸೆ, ಕೊನೆಗೆ ಚಿನ್ನದ ಬಣ್ಣದ ಅಂಚಿರುವ ಒಂದು ಕಾಗದ. ಇಂತಹ ಕಾಗದವೊಂದನ್ನು ಹಿಡಿದುಕೊಂಡು ಯುವಕನೊಬ್ಬ ನಮ್ಮ ಬಳಿ ಬಂದಿದ್ದ. ತಂದೆ ಜೀನ್ಸ್ ಘಟಕದಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುವವರು. ತಾಯಿಯ ಬಳೆಗಳನ್ನು ಅಡವಿಟ್ಟು ಶುಲ್ಕ ಕಟ್ಟಲಾಗಿತ್ತು. ಬೆಂಗಳೂರಿನ ಸಂದರ್ಶನವೊಂದರಲ್ಲಿ ಆ ಕಾಗದವನ್ನು ಯಾರೂ ತೆರೆದೂ ನೋಡಲಿಲ್ಲವಂತೆ. ಅವನಲ್ಲಿ ಬುದ್ಧಿಯ ಕೊರತೆ ಇರಲಿಲ್ಲ. ಆದರೆ ಆ ಕಾಗದವನ್ನು ನೀಡಿದವರು ಅವನನ್ನು ಪರೀಕ್ಷಿಸಿಯೇ ಇರಲಿಲ್ಲ.

ಮದ್ರಸದಲ್ಲಿ ಕಲಿತ ನಮಗೆ ಸನದು ಎಂದರೆ ಏನೆಂಬುದು ಗೊತ್ತು. ಶಿಷ್ಯ ಓದಿದ್ದನ್ನು ಉಸ್ತಾದರು ಕಿವಿಯಾರೆ ಕೇಳಿ, ತಪ್ಪನ್ನು ತಿದ್ದಿ, ತನ್ನ ಹೆಸರನ್ನೇ ಪಣವಾಗಿಟ್ಟು ನೀಡುವ ಸಾಕ್ಷ್ಯವದು. ಅದರ ಬೆಲೆ ಕಾಗದದಲ್ಲಿಲ್ಲ, ಪರೀಕ್ಷಿಸಿದವರಲ್ಲಿದೆ. ಮಾಹಿತಿ ತಂತ್ರಜ್ಞಾನ ಕ್ಷೇತ್ರದ ಪ್ರಮಾಣಪತ್ರಗಳನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು. ಕೋರ್ಸಿಗೆ ಹಾಜರಾದುದಕ್ಕೆ ನೀಡುವ ಪತ್ರ ಬೇರೆ, ಸ್ವತಂತ್ರ ಸಂಸ್ಥೆಯೊಂದು ಪರೀಕ್ಷೆ ನಡೆಸಿ ನೀಡುವ, ಉದ್ಯೋಗದಾತರು ಯಾವಾಗ ಬೇಕಾದರೂ ಪರಿಶೀಲಿಸಬಹುದಾದ ಪ್ರಮಾಣಪತ್ರ ಬೇರೆ.

ಹಾಗಾದರೆ ಎರಡನೆಯ ಬಗೆಯವು ಯಾವುವು? ಕಂಪ್ಯೂಟರ್ ಜೋಡಣೆ, ದುರಸ್ತಿ, ಪ್ರಿಂಟರ್ ಮತ್ತು ಜಾಲದ ತೊಂದರೆಗಳನ್ನು ನಿವಾರಿಸುವ ಕೆಲಸಕ್ಕೆ ಕಾಂಪ್‌ಟಿಯಾ ಸಂಸ್ಥೆಯ ‘ಎ ಪ್ಲಸ್’ ಇದೆ. ಅದಕ್ಕೆ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ನೆಟ್‌ವರ್ಕ್ ಕ್ಷೇತ್ರಕ್ಕೆ ಸಿಸ್ಕೋ ಕಂಪೆನಿಯ ಸಿಸಿಎನ್‌ಎ ಪ್ರಸಿದ್ಧ. 2020ರ ಫೆಬ್ರವರಿಯಿಂದ ಅದು ಒಂದೇ ಪರೀಕ್ಷೆಯಾಗಿದೆ. ಈ ಎರಡೂ ಪ್ರಮಾಣಪತ್ರಗಳ ಅವಧಿ ಮೂರು ವರ್ಷ, ಆ ಬಳಿಕ ನವೀಕರಿಸಬೇಕು. ಸಿಸಿಎನ್‌ಎ ಪರೀಕ್ಷೆಯ ಶುಲ್ಕ 300 ಡಾಲರ್, ಅಂದರೆ ತೆರಿಗೆ ಬಿಟ್ಟು 25 ಸಾವಿರ ರೂಪಾಯಿಗೂ ಹೆಚ್ಚು. ಇದು ಎಂಟು ತಿಂಗಳ ಯುವನಿಧಿಯನ್ನೂ ಮೀರುವ ಮೊತ್ತ. ಆದ್ದರಿಂದ ಕಲಿಯದೆ ಪರೀಕ್ಷೆಗೆ ಕೂರುವುದು ಮೂರ್ಖತನವಾದೀತು.

ಕಡಿಮೆ ಖರ್ಚಿನ ದಾರಿಗಳೂ ಇವೆ. ಕೇಂದ್ರ ಸರಕಾರದ ನೀಲಿಟ್ ಸಂಸ್ಥೆ ‘ಓ ಲೆವೆಲ್’ ಪರೀಕ್ಷೆ ನಡೆಸುತ್ತದೆ. 2011ರವರೆಗೆ ಈ ಸಂಸ್ಥೆಯ ಹೆಸರು ಡಿಒಇಎಸಿಸಿ ಎಂದಿತ್ತು. ಪಿಯುಸಿ ಮುಗಿಸಿದವರು ಯಾವುದೇ ಸಂಸ್ಥೆಗೆ ಸೇರದೆ ನೇರವಾಗಿಯೂ ಈ ಪರೀಕ್ಷೆ ಬರೆಯಬಹುದು. ಪೈಥಾನ್ ಭಾಷೆ, ವೆಬ್ ವಿನ್ಯಾಸ ಮುಂತಾದವು ಪಠ್ಯದಲ್ಲಿವೆ. ಇದೇ ಸಂಸ್ಥೆಯ 80 ಗಂಟೆಗಳ ‘ಸಿಸಿಸಿ’ ಕೋರ್ಸು ಕಂಪ್ಯೂಟರ್ ಸಾಕ್ಷರತೆಗೆ ಮೀಸಲಾದುದು. ಅದನ್ನು ಐಟಿ ಉದ್ಯೋಗದ ಕೋರ್ಸೆಂದು ಯಾರಾದರೂ ಮಾರಿದರೆ ನಂಬಬಾರದು. ಐಐಟಿಗಳು ಮತ್ತು ಐಐಎಸ್‌ಸಿಯ ಎನ್‌ಪಿಟಿಇಎಲ್ ಪಾಠಗಳು ಸ್ವಯಂ ವೇದಿಕೆಯಲ್ಲಿ ಉಚಿತವಾಗಿವೆ. ಶುಲ್ಕವಿರುವುದು ಕೊನೆಯ ಪರೀಕ್ಷೆಗೆ ಮಾತ್ರ. ಸಿಸ್ಕೋದ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲೂ ಆರಂಭದ ಪಾಠಗಳನ್ನು ಹಣ ಕೊಡದೆ ಕಲಿಯಬಹುದು. ಇಷ್ಟೆಲ್ಲ ಇರುವಾಗ ಬಳೆ ಅಡವಿಡುವ ಅಗತ್ಯವೇನಿತ್ತು?

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಈ ಪರೀಕ್ಷೆಗಳಲ್ಲಿ ಯಾವುದೂ ಕೆಲಸದ ಖಾತರಿ ನೀಡುವುದಿಲ್ಲ. ಹಲವು ದೊಡ್ಡ ಕಂಪೆನಿಗಳು ಇಂದಿಗೂ ಮೊದಲು ಪದವಿ ಮತ್ತು ಅಂಕಗಳನ್ನೇ ನೋಡುತ್ತವೆ. 2025ರ ಜುಲೈಯಲ್ಲಿ ಟಿಸಿಎಸ್ ಸುಮಾರು 12,000 ಉದ್ಯೋಗಿಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿಮತ್ತೆಯು ಹೊಸಬರು ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಗಳಿಗೇ ಮೊದಲು ಕೈಹಾಕುತ್ತಿದೆ. ಎಲ್ಲರೂ ಓಡುತ್ತಿದ್ದಾರೆಂದು ಓಡುವುದರ ಫಲವನ್ನು ಬಳ್ಳಾರಿ ಒಮ್ಮೆ ಉಂಡಿದೆ. ಅದಿರಿನ ಭರಾಟೆಯ ದಿನಗಳಲ್ಲಿ ಸಾಲ ಮಾಡಿ ಲಾರಿ ಕೊಂಡ ಕುಟುಂಬಗಳೆಷ್ಟು! 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿದಾಗ ಲಾರಿಗಳು ನಿಂತವು, ಸಾಲದ ಕಂತುಗಳು ನಿಲ್ಲಲಿಲ್ಲ. ಆ ಪಾಠವನ್ನು ಇಷ್ಟು ಬೇಗ ಮರೆತರೆ ಹೇಗೆ?

ಹಾಗೆಂದು ನಿರಾಶರಾಗಬೇಕಿಲ್ಲ. ಮೊದಲ ಕೆಲಸ ಬೆಂಗಳೂರಿನ ಗಾಜಿನ ಕಟ್ಟಡದಲ್ಲೇ ಸಿಗಬೇಕೆಂಬ ಹಟ ಬೇಡ. ಬಳ್ಳಾರಿಯ ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ, ಕಾಲೇಜುಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಜಾಲಗಳಿವೆ. ಅವು ಕೆಡುತ್ತವೆ, ಸರಿಪಡಿಸುವವರು ಬೇಕಾಗುತ್ತಾರೆ. ಅಲ್ಲಿ ಒಂದೆರಡು ವರ್ಷ ದುಡಿದ ಅನುಭವದ ಜೊತೆಗೆ ಒಂದು ಪ್ರಮಾಣಪತ್ರ ಸೇರಿದರೆ ಅದಕ್ಕೆ ತೂಕ ಬರುತ್ತದೆ.

ಕುಟುಂಬಗಳು ಗಮನಿಸಬೇಕಾದ ಇನ್ನೆರಡು ವಿಷಯಗಳಿವೆ. ಈ ಅಂತಾರಾಷ್ಟ್ರೀಯ ಪರೀಕ್ಷೆಗಳಿಗೆ ನೋಂದಾಯಿಸುವ ಹೆಸರು ಗುರುತಿನ ಚೀಟಿಯೊಂದಿಗೆ ತಾಳೆಯಾಗಬೇಕು. ನಮ್ಮ ಮಕ್ಕಳ ಹೆಸರು ಅಂಕಪಟ್ಟಿಯಲ್ಲಿ ‘ಮೊಹಮ್ಮದ್’, ಆಧಾರ್‌ನಲ್ಲಿ ‘ಎಂಡಿ’, ಪಾಸ್‌ಪೋರ್ಟಿನಲ್ಲಿ ಮತ್ತೊಂದು! ಶುಲ್ಕ ಕಟ್ಟಿದ ಮೇಲೆ ಪರೀಕ್ಷಾ ಕೇಂದ್ರದ ಬಾಗಿಲಿನಿಂದ ಮರಳುವ ದುಃಸ್ಥಿತಿ ಬರದಂತೆ ಇದನ್ನು ಇಂದೇ ಸರಿಪಡಿಸಿಕೊಳ್ಳಿ. ಎರಡನೆಯದಾಗಿ, ಇವುಗಳಲ್ಲಿ ಹಲವನ್ನು ಮನೆಯಲ್ಲೇ ಕ್ಯಾಮರಾದ ಮುಂದೆ ಕುಳಿತು ಬರೆಯಬಹುದು. ದೂರದೂರಿಗೆ ಹೋಗಲಾಗದ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅವಕಾಶ. ಆದರೆ ಪರೀಕ್ಷೆ ಮುಗಿಯುವವರೆಗೆ ಆ ಕೋಣೆಗೆ ಬೇರೆ ಯಾರೂ ಕಾಲಿಡುವಂತಿಲ್ಲ. ಮಗಳಿಗಾಗಿ ಒಂದು ಕೋಣೆಯ ಬಾಗಿಲನ್ನು ಎರಡು ಗಂಟೆ ಮುಚ್ಚಿಕೊಡಲು ಮನೆಯವರು ಸಿದ್ಧರಿದ್ದಾರೆಯೇ?

ಸೋರಿಕೆಯಾದ ಪ್ರಶ್ನೆಗಳ ಕಟ್ಟುಗಳು, ಸುಳ್ಳು ಅನುಭವ ಪತ್ರಗಳು ಹಣಕ್ಕೆ ಸಿಗುತ್ತವೆ ಎಂಬುದು ಗುಟ್ಟೇನಲ್ಲ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ, ಕೆಲಸವೂ ಹೋಗುತ್ತದೆ. ಸಿಕ್ಕಿಬೀಳದಿದ್ದರೂ ಅದು ವಂಚನೆಯೇ. ಸುಳ್ಳು ಸಾಕ್ಷ್ಯದಿಂದ ಪಡೆದ ಸಂಬಳದ ಬಗ್ಗೆ ನಾವು ಬೇರೆ ಫತ್ವಾ ಕೇಳಬೇಕಾಗಿಲ್ಲ.

2006ರ ಸಾಚಾರ್ ವರದಿಯು ದೇಶದ ಪ್ರಮುಖ ಕಾಲೇಜುಗಳಲ್ಲಿ ಪದವಿ ಹಂತದ 25 ವಿದ್ಯಾರ್ಥಿಗಳಲ್ಲಿ ಒಬ್ಬರು ಮಾತ್ರ ಮುಸ್ಲಿಮರೆಂದು ತಿಳಿಸಿತ್ತು. ಆ ವರದಿಯನ್ನು ಉಲ್ಲೇಖಿಸಿ ನಾವು ಸಾಕಷ್ಟು ಭಾಷಣ ಮಾಡಿದ್ದೇವೆ. ಇನ್ನು ಪ್ರತಿ ಪಟ್ಟಣದ ಮಸೀದಿ ಕಮಿಟಿ ಒಂದು ಕೋಣೆ, ನಾಲ್ಕು ಹಳೆಯ ಕಂಪ್ಯೂಟರ್, ಒಂದು ಇಂಟರ್‌ನೆಟ್ ಸಂಪರ್ಕವನ್ನಾದರೂ ಒದಗಿಸಬಾರದೇಕೆ? ಅಲ್ಲಿ ಆರು ತಿಂಗಳು ಉಚಿತ ಪಾಠಗಳನ್ನು ನಿಷ್ಠೆಯಿಂದ ಕಲಿತವನ ಅಥವಾ ಕಲಿತವಳ ಪರೀಕ್ಷಾ ಶುಲ್ಕವನ್ನು ಊರಿನ ಉಳ್ಳವರು ಭರಿಸಲಿ. ಮದುವೆ ಮಂಟಪದ ಒಂದು ರಾತ್ರಿಯ ದೀಪಾಲಂಕಾರಕ್ಕೆ ಸುರಿಯುವ ಹಣದಲ್ಲಿ ಎಷ್ಟು ಮಕ್ಕಳ ಶುಲ್ಕ ಕಟ್ಟಬಹುದೆಂದು ಕಮಿಟಿಯವರು ಒಮ್ಮೆ ಲೆಕ್ಕ ಹಾಕಲಿ. ಆಗ ಮುಂದಿನ ಸಲ ಯಾವುದೇ ತಾಯಿ ಬಳೆ ಬಿಚ್ಚುವ ಮುನ್ನ ಆ ಕೋಣೆಗೆ ಹೋಗಿ ವಿಚಾರಿಸಿಯಾಳು.