ಅಂಡಮಾನಿಗೆ ಹೊರಟಿದ್ದೀರಾ? ಚಕ್ಕುಲಿ ಡಬ್ಬಿಗಿಂತ ಮೊದಲು ಗುಳಿಗೆ ಚೀಲ ಕಟ್ಟಿ



ರಜೆ ಬಂತೆಂದರೆ ನಮ್ಮ ಕುಷಾಯಿಗೂಡದ ಕನ್ನಡ ಮನೆಗಳಲ್ಲಿ ಮೊದಲು ಕಲಬುರಗಿ, ರಾಯಚೂರು, ಬೀದರ್ ಬಸ್ಸಿನ ಮಾತಷ್ಟೇ ಇರುತ್ತಿತ್ತು. ಈಗ ಅದರ ಜೊತೆ ಅಂಡಮಾನಿನ ಮಾತೂ ಸೇರಿದೆ. ಹೈದರಾಬಾದಿನಿಂದ ನೇರ ವಿಮಾನ ಇದೆ, ಪಾಸ್‌ಪೋರ್ಟ್ ಬೇಡ, ಹಿಂದಿ ನಡೆಯುತ್ತದೆ, ಪೋರ್ಟ್ ಬ್ಲೇರಿನ ಬಜಾರಿನಲ್ಲಿ ತೆಲುಗು ಕೂಡ ಕಿವಿಗೆ ಬೀಳುತ್ತದೆ. (2024ರಿಂದ ಆ ಊರಿನ ಹೆಸರು ಶ್ರೀ ವಿಜಯಪುರಂ. ಹ್ಯಾವ್‌ಲಾಕ್ ದ್ವೀಪದ ಹೆಸರು 2018ರಿಂದ ಸ್ವರಾಜ್ ದ್ವೀಪ. ಟಿಕೆಟ್ ಮಾಡುವಾಗ ಗಾಬರಿಯಾಗಬೇಡಿ.) ಹೋಗಿ ಬಂದವರನ್ನು ಎಲ್ಲರೂ ಕೇಳುವುದು ಒಂದೇ: "ಏನೇನು ಇಟ್ಕೋಬೇಕ್ರಿ?"

ನಾನು ಡಾಕ್ಟರಲ್ಲ. ಇಟ್ಟುಕೊಳ್ಳದೆ ಹೋಗಿ ಪೆಟ್ಟು ತಿಂದವಳು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮನೆಯವರು ರಿಟೈರ್ ಆದ ಖುಷಿಗೆ ಮಗ ಎಲ್ಲರನ್ನೂ ಕರೆದುಕೊಂಡು ಹೋದ. ಆರು ದಿನದ ಪ್ರವಾಸ, ಆರು ಚೀಲ. ಹದಿನೈದು ದಿನ ಮೊದಲೇ ನನ್ನ ಕೆಲಸ ಶುರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಚಕ್ಕುಲಿ, ಮೊಮ್ಮಗನಿಗೆ ಬೇರೆ ಡಬ್ಬಿ. ನಮ್ಮನೆಯವರ ಸಕ್ಕರೆ ಗುಳಿಗೆ, ಸೊಸೆಯ ಅಲರ್ಜಿ ಗುಳಿಗೆ, ಮಗುವಿನ ಜ್ವರದ ಸಿರಪ್, ಎಲ್ಲವನ್ನೂ ನಾನೇ ಇಟ್ಟೆ. ನನ್ನ ಬಿಪಿ ಗುಳಿಗೆ ಮೆಟೊಪ್ರೊಲಾಲ್ ಮಾತ್ರ ಫ್ರಿಜ್ ಮೇಲೆ ಉಳಿಯಿತು. ನೆನಪಾದದ್ದು ಮೊದಲ ದಿನ ಊಟ ಮಾಡುವಾಗ. "ನಾಲ್ಕು ದಿನ ಬಿಟ್ಟರೆ ಏನಾಗುತ್ತೆ, ಸುಮ್ಮನೆ ಮಕ್ಕಳ ಖುಷಿ ಕೆಡಿಸೋದು ಯಾಕೆ" ಅಂತ ಬಾಯಿ ಮುಚ್ಚಿಕೊಂಡೆ.

ಮೂರನೇ ರಾತ್ರಿ ಹ್ಯಾವ್‌ಲಾಕಿನಲ್ಲಿ ಎದೆ ಡಬಡಬ ಹೊಡೆಯಲು ಶುರುವಾಯಿತು. ತಲೆ ಸಿಡಿಯುತ್ತಿತ್ತು, ಮೈಯೆಲ್ಲ ಬೆವರು. ನಮ್ಮ ಇಸಿಐಎಲ್ ಚೌರಸ್ತಾದಲ್ಲಿ ರಾತ್ರಿ ಹನ್ನೊಂದಕ್ಕೂ ಮೆಡಿಕಲ್ ಶಾಪ್ ತೆರೆದಿರುತ್ತದೆ. ಅಲ್ಲಿ ಸುತ್ತಲೂ ಕತ್ತಲೆ, ಸಮುದ್ರದ ಸದ್ದು. ಪೋರ್ಟ್ ಬ್ಲೇರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ಹಡಗು, ಆ ಹಡಗಿಗೆ ಬೆಳಗಾಗಬೇಕು. ಮಗ ಚೀಲಗಳನ್ನೆಲ್ಲ ಹಾಸಿಗೆ ಮೇಲೆ ಸುರಿದು ಹುಡುಕಿದ. "ನಮ್ಮೆಲ್ಲರದೂ ಅದಾವ. ನಿನ್ನ ಗುಳಿಗಿ ಎಲ್ಲವ್ವ?" ಅಂದ. ಅವನ ಮುಖ ಈಗಲೂ ಕಣ್ಣ ಮುಂದಿದೆ.

ಬೆಳಿಗ್ಗೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಇಸಿಜಿ ಮಾಡಿ, ಗುಳಿಗೆ ಕೊಟ್ಟು, ಡಾಕ್ಟರು ಚೆನ್ನಾಗಿ ಬೈದರು. ಈ ಜಾತಿಯ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದಂತೆ. ಅದು ಹೃದಯದ ಓಟವನ್ನು ಹಿಡಿದಿಟ್ಟಿರುತ್ತದೆ, ಹಗ್ಗ ತಟ್ಟನೆ ಬಿಟ್ಟರೆ ಹೃದಯ ಮೊದಲಿಗಿಂತ ಜೋರಾಗಿ ಓಡುತ್ತದೆ. ಹೃದಯದ ರಕ್ತನಾಳದ ತೊಂದರೆ ಇರುವವರಿಗೆ ಇದರಿಂದ ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಫಿಟ್ಸ್ ಗುಳಿಗೆಯನ್ನೂ ಹಾಗೇ ದಿಢೀರ್ ಬಿಡುವಂತಿಲ್ಲ.

ಇಲ್ಲಿ ನನ್ನದೊಂದು ಖಾರದ ಅಭಿಪ್ರಾಯ ಇದೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಚೀಲ ಕಟ್ಟುವವಳು ಒಬ್ಬಳೇ, ಮರೆತು ಹೋಗುವುದೂ ಅವಳದೇ ಸಾಮಾನು. ಹಾಗಾಗಿ ಮನೆಯ ಗಂಡಸರೇ, ಮಕ್ಕಳೇ, ಅವ್ವನ ಗುಳಿಗೆ, ಹೆಂಡತಿಯ ಗುಳಿಗೆ ಇಡುವುದು ನಿಮ್ಮ ಕೆಲಸವಾಗಲಿ. ಬೇರೆ ಏನೂ ಇಡದಿದ್ದರೂ ಪರವಾಗಿಲ್ಲ.

ಗುಳಿಗೆಗಳನ್ನು ಪ್ರವಾಸದ ದಿನಗಳಿಗಿಂತ ನಾಲ್ಕೈದು ದಿನ ಹೆಚ್ಚಿಗೆ ಲೆಕ್ಕ ಹಾಕಿ ಇಡಿ. ಹವಾಮಾನ ಕೆಟ್ಟರೆ ಹಡಗು ನಿಲ್ಲುತ್ತದೆ. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ಹೆಸರು ಗೊತ್ತಾಗದಿದ್ದರೆ ಅಲ್ಲಿನ ಡಾಕ್ಟರು ಏನು ಮಾಡಬೇಕು? ಚೀಟಿಯ ಫೋಟೊ ಮೊಬೈಲಿನಲ್ಲಿದೆ ಅನ್ನುತ್ತೀರಿ. ಚೆನ್ನೈನಿಂದ ಸಮುದ್ರದಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ, ನಿಜ. ಆದರೂ ಚಾರ್ಜ್ ಮುಗಿದ ಮೊಬೈಲು, ಉಪ್ಪುನೀರಿಗೆ ಬಿದ್ದ ಮೊಬೈಲು ಚೀಟಿ ತೋರಿಸುವುದಿಲ್ಲ. ಕಾಗದದ ಜೆರಾಕ್ಸ್ ಒಂದು ಇರಲಿ. ಈ ಚೀಲ ಕೈಯಲ್ಲೇ ಇರಬೇಕು, ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿ ಅಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಇದು ಬಹಳ ಮುಖ್ಯ. ಲಗೇಜು ಇಡುವ ಜಾಗದ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ್ದು ಮತ್ತೆ ಕೆಲಸಕ್ಕೆ ಬಾರದು. ಬಳಸಲು ಶುರು ಮಾಡಿದ ಪೆನ್ನು ಸಾಮಾನ್ಯವಾಗಿ 30 ಡಿಗ್ರಿ ಒಳಗೆ 28 ದಿನ ಹೊರಗೆ ಇರಬಲ್ಲದು. ಬೀಚಿನ ಬಿಸಿಲಲ್ಲಿ ಮಾತ್ರ ಚೀಲದೊಳಗೆ ಬಿಡಬೇಡಿ. ಮರಳಲ್ಲಿ ನಡೆದು, ನೀರಲ್ಲಿ ಆಡಿ ಸಕ್ಕರೆ ದಿಢೀರ್ ಇಳಿಯುವುದುಂಟು, ಜೇಬಿನಲ್ಲಿ ಗ್ಲೂಕೋಸ್ ಇಲ್ಲವೇ ಸಕ್ಕರೆ ಇರಲಿ.

ಸಕ್ಕರೆ ಕಾಯಿಲೆಯವರ ಇನ್ನೊಂದು ಮಾತು ಕಾಲಿನದು. "ಮರಳಲ್ಲಿ ಬರಿಗಾಲಲ್ಲಿ ನಡೆದರೆ ಆರೋಗ್ಯ" ಅಂತ ಫಾರ್ವರ್ಡ್ ಬರುತ್ತಲೇ ಇರುತ್ತದೆ. ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಇದು ಅಪಾಯ. ಮಧ್ಯಾಹ್ನದ ಮರಳಿನಲ್ಲಿ ಅಂಗಾಲು ಬೆಂದರೂ ಗೊತ್ತಾಗುವುದಿಲ್ಲ. ಹವಳದ ಚೂರು ಕುಯ್ದರೂ ಗೊತ್ತಾಗುವುದಿಲ್ಲ, ರಾತ್ರಿ ರಕ್ತ ನೋಡಿದಾಗಲೇ ತಿಳಿಯುವುದು. ಹಿಂದೆ ಪಟ್ಟಿ ಇರುವ, ಬೆರಳು ಮುಚ್ಚುವ ರಬ್ಬರ್ ಚಪ್ಪಲಿ ಹಾಕಿಕೊಂಡೇ ನೀರಿಗಿಳಿಯಿರಿ. ದಿನಾ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಮೊಮ್ಮಕ್ಕಳಿಗೆ ತೋರಿಸಿ.

ಓಆರ್‌ಎಸ್ ಬಗ್ಗೆ ನಮ್ಮ ಹೈದರಾಬಾದಿನವರಿಗೆ ಹೆಮ್ಮೆಯ ವಿಷಯ ಇದೆ. ಇಲ್ಲಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, ಡಬ್ಲ್ಯೂಎಚ್‌ಒ ಸೂತ್ರದಂತಿಲ್ಲದ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಬಳಸಬಾರದೆಂದು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ಸರಿಯಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುತ್ತದೆ. ಹಣ್ಣಿನ ರುಚಿಯ ಪೆಟ್ಟಿಗೆ ಜ್ಯೂಸುಗಳಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು, ಭೇದಿಯಾಗುವ ಮಗುವಿಗೆ ಕೊಟ್ಟರೆ ಭೇದಿ ಹೆಚ್ಚುತ್ತದೆ. ಮೆಡಿಕಲ್ ಶಾಪಿನಲ್ಲಿ ಪುಡಿಯ ಪೊಟ್ಟಣವನ್ನೇ ಕೇಳಿ, ಹತ್ತು ಇಟ್ಟುಕೊಳ್ಳಿ. ಒಂದು ಲೀಟರಿನದೋ 200 ಮಿಲಿಯದೋ ಓದಿ, ಅಷ್ಟೇ ನೀರಿಗೆ ಕಲಸಿ. ಅಂದ ಹಾಗೆ, ವಾಂತಿ ಭೇದಿಯಾಗಿ ಮೈ ಒಣಗಿದಾಗ ಬಿಪಿ ಗುಳಿಗೆಯ ಜೊತೆ ನೋವಿನ ಗುಳಿಗೆ ನುಂಗಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು, ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಹಡಗಿನಲ್ಲಿ ಹೊಟ್ಟೆ ತೊಳಸುವವರು ವಾಂತಿ ಗುಳಿಗೆಯನ್ನು ಹತ್ತುವ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದರಿಂದ ನಿದ್ದೆ ಬರುತ್ತದೆ. ಪ್ರಾಸ್ಟೇಟ್, ಗ್ಲಾಕೋಮಾ ಇರುವ ಹಿರಿಯರು ಇಲ್ಲೇ ತಮ್ಮ ಡಾಕ್ಟರನ್ನು ಕೇಳಿ ಹೋಗಲಿ.

ಬಿಸಿಲಿಗೆ ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕೆ ಮೇಲಿನದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. "ನಾವು ಕಪ್ಪಗಿದ್ದೀವಿ, ನಮಗ್ಯಾಕೆ" ಅಂತ ನಮ್ಮನೆಯವರು ನಕ್ಕಿದ್ದರು, ಎರಡನೇ ದಿನ ಭುಜದ ಚರ್ಮ ಸುಲಿಯಿತು. ಕೆಲವು ಕ್ರೀಮುಗಳಲ್ಲಿರುವ ಆಕ್ಸಿಬೆಂಜೋನ್ ಹವಳಕ್ಕೆ ಕೆಡುಕೆಂದು ಹವಾಯಿಯಲ್ಲಿ 2021ರಿಂದ ಅದರ ಮಾರಾಟ ನಿಲ್ಲಿಸಿದ್ದಾರೆ. ನನ್ನನ್ನು ಕೇಳಿದರೆ ಕ್ರೀಮಿಗಿಂತ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಮೇಲು. ಅಲ್ಲಿ ಬೆಳಿಗ್ಗೆ ಐದು, ಐದೂವರೆಗೇ ಬೆಳಕು ಹರಿಯುತ್ತದೆ. ಎಂಟರೊಳಗೆ ಸಮುದ್ರ ಮುಗಿಸಿ ಬಂದುಬಿಡಿ.

ಅಕ್ಕತಂಗಿಯರೇ, ಸೀರೆ, ದುಪಟ್ಟಾ ಹಾಕಿಕೊಂಡು ಅಲೆಗೆ ಇಳಿಯಬೇಡಿ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡು ಬೀಳಿಸುತ್ತದೆ. ನೈಲಾನ್ ಪ್ಯಾಂಟು, ತುಂಬುತೋಳಿನ ಟೀಶರ್ಟು ಇಟ್ಟುಕೊಳ್ಳಿ. ಯಾರೂ ನಗುವುದಿಲ್ಲ, ನಕ್ಕರೂ ನಗಲಿ. ಮೊಸಳೆ ಎಚ್ಚರಿಕೆಯ ಬೋರ್ಡು ಇರುವ ಕಡೆ ಮೊಣಕಾಲಷ್ಟು ನೀರಿಗೂ ಇಳಿಯಬೇಡಿ. 2010ರಲ್ಲಿ ಹ್ಯಾವ್‌ಲಾಕಿನಲ್ಲೇ ಮೊಸಳೆಯಿಂದ ಒಬ್ಬ ಪ್ರವಾಸಿಯ ಜೀವ ಹೋಗಿದೆ.

ಸೊಳ್ಳೆ ಮುಲಾಮು, ಬ್ಯಾಂಡೇಜು, ಗಾಯಕ್ಕೆ ಹಚ್ಚುವ ಔಷಧಿ ನಿಮಗೆ ಗೊತ್ತೇ ಇದೆ. ಒಣಕೊಬ್ಬರಿ ಬಟ್ಟಲು ಮಾತ್ರ ಬೇಡ, ಬೇಗ ಬೆಂಕಿ ಹತ್ತುವ ವಸ್ತುವೆಂದು ವಿಮಾನದಲ್ಲಿ ಬಿಡುವುದಿಲ್ಲ. ನನ್ನದನ್ನು ಶಂಶಾಬಾದಿನಲ್ಲೇ ತೆಗೆದಿಟ್ಟರು.

ಮುಂದಿನ ತಿಂಗಳು ನನ್ನ ತಂಗಿಯ ಕುಟುಂಬ ಹೊರಟಿದೆ. ನಿನ್ನೆ ಫೋನ್ ಮಾಡಿ ಎಂಟು ಜನಕ್ಕೆ ಎಷ್ಟು ಖಡಕ್ ರೊಟ್ಟಿ ಬೇಕಾಗುತ್ತೆ ಅಕ್ಕಾ ಅಂತ ಕೇಳಿದಳು. ನಿನ್ನ ಥೈರಾಯ್ಡ್ ಗುಳಿಗೆ ಎಷ್ಟು ಉಳಿದಿವೆ, ಎದ್ದು ಹೋಗಿ ಎಣಿಸು ಅಂದೆ. ಸ್ವಲ್ಪ ಹೊತ್ತಾದ ಮೇಲೆ ಬಂದು ಹೇಳಿದಳು, ನಾಲ್ಕು.