ಶಾಸನದಿಂದ ಕಡಲು ತಣಿದೀತೆ?

ಅಮೆರಿಕಾ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ತೀರದಲ್ಲಿ ಎಲ್ಕ್‌ಹಾರ್ನ್ ಹವಳವು ಕಾರ್ಯತಃ ನಿರ್ವಂಶವಾಯಿತೆಂದು 2025ರಲ್ಲಿ ವಿಜ್ಞಾನಿಗಳು ಸಾರಿರುವರು. ಅಲ್ಲೊಂದು ಇಲ್ಲೊಂದು ಉಳಿದಿದ್ದರೂ ದಿಬ್ಬವನ್ನು ಕಟ್ಟುವ ಶಕ್ತಿಯು ಆ ಕುಲಕ್ಕೆ ಇನ್ನಿಲ್ಲವೆಂಬುದು ಇದರ ತಾತ್ಪರ್ಯ. ಕಡಲಿನ ಹುಳುವೊಂದಕ್ಕೆ ಇಷ್ಟು ಶೋಕವೇತಕ್ಕೆಂದು ಕೇಳುವ ವಾಚಕರೂ ಇರಬಹುದು. ಅವರು ಈ ವೃತ್ತಾಂತವನ್ನು ಕೊನೆಯವರೆಗೆ ಆಲಿಸಬೇಕಾಗಿ ವಿಜ್ಞಾಪನೆ.

ಎಲ್ಕ್ ಎಂಬ ಜಿಂಕೆಯ ಕೊಂಬಿನಂತೆ ಕವಲೊಡೆಯುವುದರಿಂದ ಈ ಹವಳಕ್ಕೆ ಆ ಹೆಸರು. ಫ್ಲಾರಿಡಾ, ಬಹಾಮಾ ಮತ್ತು ಕ್ಯಾರಿಬಿಯನ್ ಸಮುದ್ರಗಳಲ್ಲಿ, ತೆರೆಗಳು ಬಡಿಯುವ ಆಳವಿಲ್ಲದ ನೀರೇ ಇದರ ನೆಲೆ. ಅಸಂಖ್ಯಾತ ಕಿರುಜೀವಿಗಳು ಸುಣ್ಣವನ್ನು ಕೂಡಿಸಿ, ಕವಲುಗಳನ್ನು ವರ್ಷಕ್ಕೆ 5ರಿಂದ 10 ಸೆಂಟಿಮೀಟರಿನಷ್ಟು ಬೆಳೆಸುತ್ತವೆ. ಹೀಗೆ ಎದ್ದ ಕೋಟೆಯು ಮೀನುಗಳಿಗೆ ಮನೆ. ತೆರೆಗಳ ಪೆಟ್ಟನ್ನು ತಾನುಂಡು ದಡದ ಊರುಗಳನ್ನು ಕಾಯುವ ಕಾವಲುಗಾರ.

1970ರ ದಶಕದ ಕೊನೆಯಿಂದ ಬಿಳಿಪಟ್ಟೆ ರೋಗವು ಈ ಕುಲವನ್ನು ಕ್ಷೀಣಗೊಳಿಸಿತು. ಅಲ್ಲಿಯ ಸರಕಾರವು 2006ರಲ್ಲಿ ಇದನ್ನು ರಕ್ಷಿತ ಜೀವಿಗಳ ಪಟ್ಟಿಗೆ ಸೇರಿಸಿ, 2008ರಲ್ಲಿ ಇದರ ನೆಲೆಗೂ ಶಾಸನದ ರಕ್ಷಣೆಯನ್ನಿತ್ತಿತು. ಅದು ಶ್ಲಾಘ್ಯವೇ. ಆದರೆ ಶಾಸನವು ಹಡಗಿನ ಲಂಗರನ್ನು ದೂರವಿಡಬಲ್ಲುದಲ್ಲದೆ ಕಡಲಿನ ಕಾವನ್ನು ತಡೆಯಬಲ್ಲುದೆ? ಹವಳದ ಒಡಲಲ್ಲಿ ನೆಲಸಿ ಅದಕ್ಕೆ ಅನ್ನವನ್ನೀಯುವ ಸೂಕ್ಷ್ಮ ಪಾಚಿಯು ನೀರು ಮಿತಿಮೀರಿ ಕಾದರೆ ಹೊರಬೀಳುತ್ತದೆ. ಆಗ ಹವಳವು ಬೆಳ್ಳಗಾಗಿ, ಉಪವಾಸದಿಂದ ಸಾಯುತ್ತದೆ. 2023ರ ಬೇಸಗೆಯ ಕಾವಿಗೆ ಸಿಕ್ಕಿ, ಫ್ಲಾರಿಡಾ ಕೀಸ್ ದ್ವೀಪಮಾಲೆಯಲ್ಲಿ ಈ ಹವಳವೂ ಇದರ ಸೋದರಜಾತಿಯಾದ ಸ್ಟ್ಯಾಗ್‌ಹಾರ್ನ್ ಹವಳವೂ ನೂರಕ್ಕೆ ಸುಮಾರು 98ರಿಂದ 100ರವರೆಗೆ ನಾಶವಾದವು.

ಅಳಿದುಳಿದವುಗಳನ್ನು ವಿಜ್ಞಾನಿಗಳು ದಡದ ತೊಟ್ಟಿಗಳಲ್ಲಿ ಸಾಕುತ್ತಿರುವರು. ಹೊಂಡುರಾಸಿನ ಹವಳದೊಡನೆ ಬೆರಸಿ ಪಡೆದ ಸಂತಾನವನ್ನು 2025ರಲ್ಲಿ ಮಯಾಮಿಯ ಬಳಿ ನೆಟ್ಟಿರುವರು. ಅವರ ಪರಿಶ್ರಮಕ್ಕೆ ನಮ್ಮ ವಂದನೆ. ಆದರೆ ಉರಿಯುವ ಮನೆಯಂಗಳದಲ್ಲಿ ಸಸಿ ನೆಟ್ಟರೆ ಎಷ್ಟು ದಿನ ಬಾಳೀತು? ಕಡಲನ್ನು ಕಾಯಿಸುತ್ತಿರುವುದು ಕಲ್ಲಿದ್ದಲು ಮತ್ತು ಎಣ್ಣೆಗಳ ಹೊಗೆ. ಬಹುಕಾಲದಿಂದ ಅದನ್ನು ಅಧಿಕವಾಗಿ ಉಗುಳಿ ಐಶ್ವರ್ಯವಂತರಾದ ರಾಷ್ಟ್ರಗಳೇ ಅದನ್ನು ತಗ್ಗಿಸುವುದರಲ್ಲಿಯೂ ಮುಂದಾಗತಕ್ಕುದು ನ್ಯಾಯ. ಮಿಕ್ಕವರಿಗೂ ಅದರ ಹೊಣೆ ತಪ್ಪಿದ್ದಲ್ಲ.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯುಂಟು. ಫ್ಲಾರಿಡಾದಲ್ಲಿ ಕೊಳ್ಳೆಹೋದುದು ಕೋಟೆಯೇ. ಬೇರೆ ಕಡಲುಗಳಲ್ಲಿ ಕೋಟೆಗಳು ಇನ್ನೂ ನಿಂತಿವೆ. ಅಧಿಕಾರಸ್ಥರು ಈಗಲಾದರೂ ಎಚ್ಚರಗೊಳ್ಳಲಿ.